ಬುಟ್ಟಿಯಷ್ಟು ಗೂಡು, ಊರಷ್ಟು ಹಿತ್ತಲು

ಒಂದು ಕೋಳಿಗೆ ಎಷ್ಟು ಚದರಡಿ ಬೇಕು? ಮನೆಯ ಹಿಂದೆ ಉಳಿದ ನಾಲ್ಕಡಿ ಓಣಿಯಲ್ಲೋ ತಾರಸಿಯ ಮೂಲೆಯಲ್ಲೋ ನಾಲ್ಕು ಕೋಳಿ ಸಾಕೋಣವೆಂದು ಹೊರಟವರು ಮೊದಲು ಕೇಳುವುದು ಇದನ್ನೇ. ಕೈಪಿಡಿಗಳಲ್ಲಿ ಉತ್ತರವೂ ಸಿದ್ಧವಾಗಿದೆ: ಹೊಟ್ಟು ಹರಡಿದ ನೆಲದ ಮೇಲೆ ಮೊಟ್ಟೆಕೋಳಿಗೆ ಸುಮಾರು 2 ಚದರಡಿ, ರಾತ್ರಿ ಕೂರಲು ಅಡ್ಡಗೋಲಿನ ಮೇಲೆ ತಲೆಗೆ 8 ಅಂಗುಲ. ಲೆಕ್ಕ ತಪ್ಪೇನಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ಕೋಳಿ ಸಾಕಿದ ಹೆಂಗಸರನ್ನು ಈ ಮಾತು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಅವರ ಗೂಡಿನಲ್ಲಿ ಒಂದು ಕೋಳಿಗೆ ಅರ್ಧ ಚದರಡಿಯೂ ಸಿಗುತ್ತಿರಲಿಲ್ಲ, ಕೋಳಿಗಳು ಮಾತ್ರ ಚೆನ್ನಾಗಿಯೇ ಇದ್ದವು. ಇಕ್ಕಟ್ಟಿನಲ್ಲಿ ಕೋಳಿ ಸಾಕುವುದು ಪಟ್ಟಣದವರ ಹೊಸ ಸಮಸ್ಯೆ ಎಂದು ನಾವು ತಿಳಿದಿದ್ದೇವೆ. ಗೂಡಿನ ಮಟ್ಟಿಗೆ ಹೇಳುವುದಾದರೆ ಇಕ್ಕಟ್ಟೇ ಹಳೆಯದು. ಬೆಳಗಾದ ಮೇಲೂ ಗೂಡಿನ ಬಾಗಿಲು ತೆರೆಯದಿರುವುದು ಹೊಸದು. ಆ ಬಾಗಿಲು ಯಾವಾಗ, ಯಾವ ಬಲದ ಮೇಲೆ ಮುಚ್ಚಿತು ಎಂಬ ಚರಿತ್ರೆಯನ್ನು ನೋಡುತ್ತ ಹೋದರೆ, ಗೂಡಿನ ಅಳತೆ ಎಂದೂ ಗೂಡೊಂದರದ್ದೇ ಆಗಿರಲಿಲ್ಲ, ಸುತ್ತಲಿನ ಹಿತ್ತಲೂ ಸೇರಿದ ಲೆಕ್ಕವಾಗಿತ್ತು ಎಂಬುದು ತಿಳಿಯುತ್ತದೆ. ಹಿತ್ತಲು ಕಣ್ಣಿಗೆ ಕಾಣದಂತಾದಾಗಲೂ ಅದು ಇಲ್ಲವಾಗಲಿಲ್ಲ. ಬೇರೆ ಕಡೆಗೆ ಹೋಯಿತು, ಬೇರೆಯವರ ಖರ್ಚಿಗೆ ಬಿತ್ತು.

ಹಳೆಯ ಗೂಡು ಹೇಗಿತ್ತೆಂದು ಹತ್ತಿರದಿಂದ ನೋಡಬಹುದು. ಬಯಲುಸೀಮೆಯಲ್ಲಿ ಅದು ಬಹಳ ಸಲ ಬೋರಲು ಹಾಕಿದ ಒಂದು ಮಂಕರಿ, ಮೇಲೊಂದು ಗುಂಡುಕಲ್ಲು. ಕೆಲವು ಮನೆಗಳಲ್ಲಿ ಜಗಲಿಯ ಕೆಳಗೆ ಕಟ್ಟುವಾಗಲೇ ಬಿಟ್ಟ ಗವಿಯಂಥ ಗೂಡು, ಬಾಯಿಗೆ ಅಡ್ಡವಾಗಿ ಒಂದು ಹಲಗೆ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಹೊಂದಿಕೊಂಡ ಒಡ್ಡಿ, ಅಥವಾ ನೆಲದಿಂದ ಎತ್ತರಿಸಿದ ಮರದ ಪೆಟ್ಟಿಗೆ. ಹೊತ್ತು ಮುಳುಗುವಾಗ ಕೋಳಿಗಳು ತಾವಾಗಿ ಬಂದು ಅಂಗಳದಲ್ಲಿ ಸುಳಿದಾಡುತ್ತವೆ. ಮನೆಯೊಡತಿ ಬಾ ಬಾ ಎಂದು ಕರೆದು ಒಂದು ಹಿಡಿ ನುಚ್ಚನ್ನೋ ರಾಗಿಯನ್ನೋ ಚೆಲ್ಲಿ, ಎಣಿಸಿ, ಮುಚ್ಚುತ್ತಾಳೆ. ಎಣಿಸುವುದು ಮುಖ್ಯ. ಹಗಲಿನಲ್ಲಿ ಹದ್ದು ಒಯ್ದಿತೋ, ಯಾರದೋ ಮನೆಯ ಸಾರಿಗೆ ಸೇರಿತೋ ಗೊತ್ತಾಗುವುದು ಆಗಲೇ. ರಾತ್ರಿ ಕಾಡುಬೆಕ್ಕು, ಮುಂಗುಸಿ, ಹೆಗ್ಗಣ, ನಾಯಿ ಇವುಗಳಿಂದ ಕಾಪಾಡುವುದಷ್ಟೇ ಆ ಗೂಡಿನ ಕೆಲಸ. ಅಲ್ಲಿ ಕೋಳಿ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಓಡಾಡುವುದಿಲ್ಲ. ಕತ್ತಲಾದರೆ ಕಣ್ಣು ಕಾಣದ ಹಕ್ಕಿ ಒಂದರ ಮೈಗೊಂದು ಒತ್ತಿಕೊಂಡು ಹನ್ನೆರಡು ಗಂಟೆ ಕೂತಿರುತ್ತದೆ. ಚಳಿಗಾಲದಲ್ಲಿ ಆ ಒತ್ತಡವೇ ಬೆಚ್ಚಗೆ. ನಸುಕಿನಲ್ಲಿ ಮಂಕರಿ ಎತ್ತಿದರೆ ಅಡಿಯಲ್ಲಿ ಬಿದ್ದ ಹಿಕ್ಕೆಯನ್ನು ಬಳಿದು ತಿಪ್ಪೆಗೆ ಹಾಕಿ, ನೆಲಕ್ಕೆ ಬೂದಿ ಉದುರಿಸಿದರೆ ಮುಗಿಯಿತು. ಆಮೇಲೆ ಸಂಜೆಯವರೆಗೆ ಮಂಕರಿ ಖಾಲಿ, ಅದರಲ್ಲೇ ಸೊಪ್ಪನ್ನೋ ಗೊಬ್ಬರವನ್ನೋ ಹೊತ್ತರೂ ಆಯಿತು.

ಹಾಗಾದರೆ ಕೋಳಿ ಬದುಕಿದ್ದು ಎಲ್ಲಿ? ತಿಪ್ಪೆಯಲ್ಲಿ, ಕಣದಲ್ಲಿ, ಕೊಟ್ಟಿಗೆಯ ಸಗಣಿಯ ಮಗ್ಗುಲಲ್ಲಿ, ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ, ಬೇಲಿಯ ಸಂದಿನಲ್ಲಿ. ತಿಪ್ಪೆಯಲ್ಲಿ ಗೊಣ್ಣೆಹುಳ ಇದೆ, ಸಗಣಿಯಲ್ಲಿ ಹಸು ಅರಗಿಸಿಕೊಳ್ಳದೆ ಬಿಟ್ಟ ಕಾಳಿದೆ, ಕಣದಲ್ಲಿ ಒಕ್ಕಲಾದ ಮೇಲೆ ಗುಡಿಸಿದರೂ ಸಿಗದ ಧಾನ್ಯವಿದೆ, ಬೇಲಿಯಲ್ಲಿ ಗೆದ್ದಲಿದೆ, ಎಳೆ ಸೊಪ್ಪಿದೆ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣಕ್ಕೆ ಗೋಡೆಯ ಗಾರೆಯನ್ನು ಕುಟುಕಿದರೂ ಸೈ. ಮಧ್ಯಾಹ್ನ ಮರದಡಿಯ ಸಣ್ಣ ಮಣ್ಣಿನಲ್ಲಿ ಗುಳಿ ಮಾಡಿ, ರೆಕ್ಕೆ ಅಗಲಿಸಿ, ಧೂಳನ್ನು ಪುಕ್ಕದ ಬುಡದವರೆಗೆ ಎರಚಿಕೊಂಡು ಹೊರಳುತ್ತದಲ್ಲ, ಹೇನು ಉದುರಿಸಲು ಅದಕ್ಕೆ ಗೊತ್ತಿರುವ ಔಷಧ ಅದೊಂದೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತನ್ನವರನ್ನು ಕರೆದು ಹಂಚಿಕೊಂಡು ತಿನ್ನುವುದಕ್ಕೆ ಮಾದರಿಯಾಗಿ ಕಾಗೆಯ ಜೊತೆ ಕೋಳಿಯನ್ನೂ ತಂದರು. ಕಾಗೆಯನ್ನು ಯಾರೂ ಸಾಕುವುದಿಲ್ಲ. ಅದರ ಸಾಲಿನಲ್ಲಿ ನಿಂತ ಕೋಳಿಯೂ ಬಯಲಲ್ಲಿ ತಾನಾಗಿ ಹುಡುಕಿ, ಸಿಕ್ಕಿದ್ದಕ್ಕೆ ಕೂಗುವ ಕೋಳಿ. ತೊಟ್ಟಿಯಲ್ಲಿ ಸುರಿದ ಮೇವನ್ನು ತಿನ್ನುವ ಹಕ್ಕಿಯಿಂದ ಆ ಹೋಲಿಕೆ ಹುಟ್ಟುತ್ತಿರಲಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಹುಂಜದ ಕಾಳಗವನ್ನು ಅರಸರ ವಿನೋದಗಳಲ್ಲಿ ಒಂದಾಗಿ ವಿವರಿಸುತ್ತದೆ. ಅಂಕದ ಹುಂಜಕ್ಕೆ ಕಟ್ಟಿಹಾಕಿ ಕೈತುತ್ತು ಕೊಡುವ ಆರೈಕೆ ಉಂಟು, ತುಳುನಾಡಿನಲ್ಲಿ ಇಂದಿಗೂ ಉಂಟು. ಕಟ್ಟಿ ಸಾಕಿದ ಕೋಳಿಗೆ ಖರ್ಚು ಎಷ್ಟೆಂಬುದು ಅದನ್ನು ಸಾಕಿದವರಿಗೆ ಯಾವಾಗಲೂ ಗೊತ್ತಿತ್ತು. ಹೇಂಟೆಗೆ ಅಷ್ಟು ಖರ್ಚು ಮಾಡುವ ಯೋಚನೆ ಯಾರಿಗೂ ಇರಲಿಲ್ಲ, ಅಷ್ಟೆ.

ಭೂಮಿ ಇಲ್ಲದವರೂ ಕೋಳಿ ಸಾಕಬಹುದಾಗಿದ್ದದ್ದು ಈ ಕಾರಣಕ್ಕೆ. ಗೂಡಿಗೆ ಎರಡು ಮೊಳ ಜಾಗವಿದ್ದರೆ ಸಾಕು, ಮಿಕ್ಕಿದ್ದು ಊರಿನದು. ಒಂದು ಹೇಂಟೆಯನ್ನು ಪಾಲಿಗೆ ಕೊಟ್ಟು ಮರಿಗಳಲ್ಲಿ ಅರ್ಧರ್ಧ ಹಂಚಿಕೊಳ್ಳುವ ಪದ್ಧತಿಯಲ್ಲಿ ಕೈಯಲ್ಲಿ ಬಿಡಿಕಾಸಿಲ್ಲದ ಹೆಂಗಸೂ ವರ್ಷದೊಳಗೆ ನಾಲ್ಕು ಕೋಳಿಯ ಒಡತಿಯಾಗಬಹುದಿತ್ತು. ಮೊಟ್ಟೆಯ ದುಡ್ಡು ಗಂಡಸರ ಕೈಗೆ ಸಿಗದ ದುಡ್ಡು. ಆದರೆ ಈ ಚಿತ್ರಕ್ಕೆ ಮನಸೋತು ಬಿಡುವ ಮೊದಲು ಒಂದು ಮಾತು. ಹಿತ್ತಲು ಪುಕ್ಕಟೆಯಾಗಿರಲಿಲ್ಲ. ನೆರೆಯವನ ಸಸಿಮಡಿಯನ್ನು ಕೆದಕಿ ಹಾಕಿದ, ಒಣಹಾಕಿದ ಕಾಳಿಗೆ ಬಾಯಿಟ್ಟ ಕೋಳಿಯ ಸಲುವಾಗಿ ಎದ್ದ ಜಗಳಗಳಿಗೆ ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲ. ಮನೆಕೋಳಿಯ ಮೇವಿನ ಬೆಲೆಯನ್ನು ಊರೆಲ್ಲ ಸೇರಿ ತುಸುತುಸುವಾಗಿ ತೆರುತ್ತಿತ್ತು. ಎಲ್ಲರ ಮನೆಯಲ್ಲೂ ಕೋಳಿ ಇದ್ದುದರಿಂದ ಅದು ಹೇಗೋ ಸರಿತೂಗುತ್ತಿತ್ತು.

ಕೋಳಿ ಮನುಷ್ಯನ ಬಳಿಗೆ ಬಂದ ಬಗೆಯೂ ಇದನ್ನೇ ಹೇಳುತ್ತದೆ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 89 ದೇಶಗಳ 600ಕ್ಕೂ ಹೆಚ್ಚು ಸ್ಥಳಗಳಲ್ಲಿ ಸಿಕ್ಕ ಎಲುಬುಗಳನ್ನು ಮತ್ತೆ ಪರೀಕ್ಷಿಸಿದರು. ಸಾಕುಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತ್ಯಂತ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯವು, ಕ್ರಿ.ಪೂ. 1650ರಿಂದ 1250ರ ನಡುವಿನವು. ಅಲ್ಲಿ ಬತ್ತ ಮತ್ತು ಕಿರುಧಾನ್ಯದ ಬೇಸಾಯ ಶುರುವಾಗಿ, ಹೊಲದಲ್ಲೂ ಕಣಜದ ಸುತ್ತಲೂ ಕಾಳು ಚೆಲ್ಲತೊಡಗಿದ ಮೇಲೆ ಕಾಡಿನ ಕೆಂಪು ಕೋಳಿ ಮರ ಇಳಿದು ಬಂತು ಎಂಬುದು ಆ ವಿದ್ವಾಂಸರ ತೀರ್ಮಾನ. ಯಾರೂ ಹಿಡಿದು ಪಂಜರಕ್ಕೆ ಹಾಕಿ ಅದನ್ನು ಸಾಕುಪ್ರಾಣಿ ಮಾಡಲಿಲ್ಲ, ಚೆಲ್ಲಿದ ಕಾಳು ಮಾಡಿತು. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯೂ ಈ ಕತೆಯಲ್ಲಿ ಪಾಲುದಾರ: ಸಾಕುಕೋಳಿಯ ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬಹುಮಟ್ಟಿಗೆ ಈ ಬೂದು ಜಾತಿಯಿಂದ ಬಂದದ್ದು ಎಂದು 2008ರಲ್ಲಿ ಗೊತ್ತಾಯಿತು. ಕಾಡಂಚಿಗೆ ಮೇಯಲು ಹೋದ ಹೇಂಟೆ ಅಲ್ಲಿನ ಹುಂಜದ ಕೂಡೆ ಸೇರಿದ್ದರಿಂದಲೇ ಆಗಿರಬೇಕು ಅದು. ಗೂಡನ್ನು ಜಾಗ್ರತೆಯಾಗಿ ಕಟ್ಟಿಸಿದ ರೋಮನರಲ್ಲಿಯೂ ಇದೇ ಕ್ರಮ. ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ ಕೋಳಿಮನೆಯನ್ನು ಅಡುಗೆಮನೆಯ ಹೊಗೆ ತಾಗುವಲ್ಲಿ ಕಟ್ಟಿ ಎನ್ನುತ್ತಾನೆ, ಹೊರಗೆ ಸೂರಿನಡಿ ಗೋಡೆಯ ಪಕ್ಕದಲ್ಲಿ ಒಣ ಧೂಳು ಮತ್ತು ಬೂದಿಯನ್ನು ಹೊರಳಲೆಂದೇ ಹಾಕಿಡಿ ಎನ್ನುತ್ತಾನೆ. ಗೂಡಿನಷ್ಟೇ ನಿಗಾ ಅವನಿಗೆ ಗೂಡಿನಾಚೆಯ ಧೂಳಿನ ಮೇಲೂ ಇತ್ತು.

ಹಿತ್ತಲು ಕೋಳಿಗೆ ಏನೇನು ಕೊಡುತ್ತಿತ್ತೆಂಬುದು ಅದನ್ನು ಕಿತ್ತುಕೊಂಡಾಗಲೇ ತಿಳಿದದ್ದು. ಅತ್ಯಂತ ಪ್ರಸಿದ್ಧ ಪ್ರಸಂಗ ಜಾವಾ ದ್ವೀಪದ ಬಟಾವಿಯದ್ದು, ಈಗಿನ ಜಕಾರ್ತ. ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್ 1880ರ ದಶಕದ ಕೊನೆಯಲ್ಲಿ ಬೆರಿಬೆರಿ ಕಾಯಿಲೆಯ ಕಾರಣ ಹುಡುಕುತ್ತ ಪ್ರಯೋಗಕ್ಕೆಂದು ಕೋಳಿಗಳನ್ನು ಇಟ್ಟುಕೊಂಡಿದ್ದ. ಒಂದು ದಿನ ಆ ಕೋಳಿಗಳ ಕಾಲು ಸೋಲತೊಡಗಿತು. ಮೊದಲು ನಡೆ ತಪ್ಪಿತು, ಆಮೇಲೆ ಅಡ್ಡಗೋಲಿನ ಮೇಲೆ ಕೂರಲಾರದೆ ಮಗ್ಗುಲಾಗಿ ಬಿದ್ದವು, ಕತ್ತು ತಿರುಚಿಕೊಂಡು ಸತ್ತವು. ರೋಗಾಣು ಚುಚ್ಚಿದ್ದಕ್ಕೂ ಚುಚ್ಚದೆ ಬಿಟ್ಟದ್ದಕ್ಕೂ ಒಂದೇ ಗತಿ. ಕೆಲವು ತಿಂಗಳ ಮೇಲೆ ಉಳಿದವು ತಾವಾಗಿ ಚೇತರಿಸಿಕೊಂಡವು. ವಿಚಾರಿಸಿದರೆ ಸಂಗತಿ ಇಷ್ಟು: ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸಲೆಂದು ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದ, ಹೊಸದಾಗಿ ಬಂದ ಅಡುಗೆಯವನು ಸೇನೆಯ ಅನ್ನವನ್ನು ಸೇನೆಗೆ ಸೇರದ ಕೋಳಿಗಳಿಗೆ ಕೊಡಲಾಗದು ಎಂದು ನಿಲ್ಲಿಸಿಬಿಟ್ಟ, ಆಮೇಲೆ ತೌಡು ತೆಗೆಯದ ಅಕ್ಕಿ ಬಂತು. ಐಕ್ಮನ್ ಮೊದಲು ಅನ್ನದಲ್ಲಿ ವಿಷವಿದೆಯೆಂದು ಭಾವಿಸಿದ. ಇರುವ ವಿಷವಲ್ಲ, ಇಲ್ಲದ ಪೋಷಕವೇ ಕಾರಣವೆಂದು 1901ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿ ಗೆರಿಟ್ ಗ್ರೈನ್ಸ್. ಜೀವಸತ್ವಗಳ ವಿಜ್ಞಾನ ಅಲ್ಲಿಂದ ಕವಲೊಡೆಯಿತು, 1929ರಲ್ಲಿ ಐಕ್ಮನ್‌ಗೆ ನೊಬೆಲ್ ಪಾಲೂ ಬಂತು. ಕೋಳಿಯ ಕಡೆಯಿಂದ ನೋಡಿದರೆ ಇದರ ಅರ್ಥ ಸರಳ. ಅದೇ ಬಿಳಿ ಅನ್ನ ತಿಂದರೂ ಹಳ್ಳಿಯ ಕೋಳಿಯ ಕಾಲು ಸೋಲುವುದಿಲ್ಲ, ಅದು ಅನ್ನ ತಿಂದು ಮುಗಿಸಿ ತಿಪ್ಪೆಗೆ ಹೋಗುತ್ತದೆ. ಬಾಗಿಲು ಮುಚ್ಚಿದ ಗೂಡಿನಲ್ಲಿ ಮನುಷ್ಯ ಕೊಟ್ಟದ್ದೇ ಕೋಳಿಯ ಇಡೀ ಜಗತ್ತು. ಅವನಿಗೆ ತಿಳಿಯದೆ ಬಿಟ್ಟುಹೋದದ್ದನ್ನು ತುಂಬಿಕೊಡಲು ಬೇರೆ ಯಾರೂ ಇಲ್ಲ.

ಕಡಿಮೆ ಜಾಗದ ಗೂಡಿನ ಉತ್ಸಾಹ ಮೊದಲು ಜ್ವರದಂತೆ ಏರಿದ್ದು ಅಮೆರಿಕದ ಪಟ್ಟಣಗಳಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ಇ. ಡಬ್ಲ್ಯು. ಫೈಲೊ ಎಂಬುವನು 40 ಅಡಿ ಚೌಕದ ನಗರ ನಿವೇಶನದಲ್ಲಿ 60 ಕೋಳಿಗಳಿಂದ ಹತ್ತು ತಿಂಗಳಲ್ಲಿ 1,500 ಡಾಲರ್ ಎಂದು ಜಾಹೀರಾತು ಕೊಟ್ಟು ತನ್ನ ಪದ್ಧತಿಯ ಪುಸ್ತಕ ಮಾರಿದ. ನಮ್ಮ 30–40 ಸೈಟಿನವರಿಗೂ ಬಾಯಲ್ಲಿ ನೀರೂರಿಸುವ ಲೆಕ್ಕ. ಆ ಕಾಲದ ಇಂಥ ಪದ್ಧತಿಗಳಲ್ಲಿ ಗುಟ್ಟೆಂದು ಮಾರಾಟವಾಗುತ್ತಿದ್ದುದರಲ್ಲಿ ಮೊಳಕೆ ಬರಿಸಿದ ಓಟ್ಸ್ ಒಂದು. ಅದು ಹಿತ್ತಲಿನ ಎಳೆ ಹುಲ್ಲನ್ನು ಟ್ರೇಯಲ್ಲಿ ಬೆಳೆದು ಕೈಯಾರೆ ತಂದುಕೊಡುವ ಉಪಾಯ. 1918ರಲ್ಲಿ, ಯುದ್ಧದ ನಡುವೆ, ಸರ್ಕಾರವೇ ಭಿತ್ತಿಪತ್ರ ಹಚ್ಚಿ, ಅತಿ ಸಣ್ಣ ಹಿತ್ತಲಲ್ಲೂ ಕೋಳಿಗೆ ಜಾಗವಿದೆ, ಮನೆಯಲ್ಲಿ ಎಷ್ಟು ಜನರೋ ಅದರ ಎರಡರಷ್ಟು ಹೇಂಟೆ ಸಾಕಿ ಎಂದು ನಾಗರಿಕರನ್ನು ಕೇಳಿಕೊಂಡಿತು. ಆದರೂ ಬಾಗಿಲನ್ನು ಪೂರ್ತಿ ಮುಚ್ಚಲು ಯಾರಿಂದಲೂ ಆಗಿರಲಿಲ್ಲ. ಚಳಿಗಾಲದಲ್ಲಿ ಒಳಗೇ ಇಟ್ಟ ಮರಿಗಳ ಕಾಲು ಸೊಟ್ಟಗಾಗಿ ಸಾಯುತ್ತಿದ್ದವು. ಕಾರಣ ಬಿಸಿಲಿನ ಕೊರತೆ, ಗಾಜಿನ ಕಿಟಕಿ ಬೆಳಕನ್ನು ಒಳಗೆ ಬಿಡುತ್ತದೆ, ಬೇಕಾದ ಅತಿನೇರಳೆ ಕಿರಣವನ್ನು ಬಿಡುವುದಿಲ್ಲ. 1920ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಟ್, ಸ್ಟೀನ್‌ಬಾಕ್ ಮೊದಲಾದವರು ಇದನ್ನು ಬಿಡಿಸಿದರು. 1922ರಲ್ಲಿ ಮೆಕಾಲಮ್ ಡಿ ಜೀವಸತ್ವವನ್ನು ಗುರುತಿಸಿದ. ಮೇವಿಗೆ ಕಾಡ್ ಮೀನಿನೆಣ್ಣೆ ಬೆರೆಸಿದರೆ ಬಿಸಿಲು ಇಲ್ಲದೆಯೂ ಮರಿ ಬದುಕುತ್ತದೆ ಎಂದಾಯಿತು.

ಅದೇ ಹೊತ್ತಿಗೆ, 1923ರಲ್ಲಿ, ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನ ಸಿಸಿಲ್ ಸ್ಟೀಲ್ ಮನೆಯ ಮೊಟ್ಟೆಗೆಂದು 50 ಮರಿ ಹೇಳಿಕಳಿಸಿದರೆ ಹ್ಯಾಚರಿಯವರು ತಪ್ಪಿ 500 ಕಳಿಸಿದರು. ಆಕೆ ವಾಪಸು ಮಾಡದೆ ಸಾಕಿದಳು. ಉಳಿದ 387ನ್ನು ಮಾಂಸಕ್ಕೆ ಮಾರಿ ಒಳ್ಳೆಯ ಲಾಭ ಮಾಡಿಕೊಂಡು, ಮುಂದಿನ ವರ್ಷಗಳಲ್ಲಿ ಸಾವಿರಗಟ್ಟಲೆ ಸಾಕತೊಡಗಿದಳು. ಆ ಕುಟುಂಬದ 16 ಅಡಿ ಚೌಕದ ಕೋಳಿಮನೆಯನ್ನು ಅಮೆರಿಕ ಐತಿಹಾಸಿಕ ಕಟ್ಟಡವೆಂದು ಕಾಪಾಡಿದೆ. ಬ್ರಾಯ್ಲರ್ ಉದ್ಯಮದ ಮೂಲವನ್ನು ಅಲ್ಲಿ ತೋರಿಸುತ್ತಾರೆ. ಹಿತ್ತಲ ಕೋಳಿ ಸಾಕಲು ಹೊರಟ ಹೆಣ್ಣುಮಗಳ ಗೂಡಿನಿಂದಲೇ ಹಿತ್ತಲನ್ನು ಮೂಲೆಗೆ ತಳ್ಳಿದ ಉದ್ಯಮ ಹುಟ್ಟಿದ್ದು ತಮಾಷೆಯೇ. ಆದರೆ ಇದನ್ನು ಸಾಧ್ಯ ಮಾಡಿದ್ದು ಆಕೆಯ ಧೈರ್ಯವೊಂದೇ ಅಲ್ಲ; ಉತ್ತರ ಸಮುದ್ರಗಳಿಂದ ಬಂದ ಮೀನಿನೆಣ್ಣೆಯೂ ಹೌದು. ಡೆಲವೇರ್‌ನ ಗೂಡಿನ ಅಂಗಳ ಅಷ್ಟು ದೂರದವರೆಗೆ ಚಾಚಿಕೊಂಡಿತ್ತು.

ಎರಡನೆಯ ಮಹಾಯುದ್ಧದ ಬ್ರಿಟನ್ ಇದನ್ನು ಸರ್ಕಾರಿ ಲೆಕ್ಕದಲ್ಲೇ ಬರೆದಿಟ್ಟಿತು. 1941ರಿಂದ ಮೊಟ್ಟೆ ರೇಷನ್ನಿಗೆ ಬಂತು, ತಲೆಗೆ ವಾರಕ್ಕೆ ಸಾಮಾನ್ಯವಾಗಿ ಒಂದು. ಮನೆಯಲ್ಲಿ ಕೋಳಿ ಸಾಕುವವರು ತಮ್ಮ ಪಾಲಿನ ಮೊಟ್ಟೆಯ ಚೀಟಿಯನ್ನು ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಕೋಳಿಯ ಹಿಟ್ಟು ಸಿಗುತ್ತಿತ್ತು. ಅದನ್ನು ಆಲೂಗಡ್ಡೆ ಸಿಪ್ಪೆ, ಅಡುಗೆಮನೆಯ ಉಳಿಕೆಗಳ ಜೊತೆ ಬೇಯಿಸಿ ಹಾಕುವುದು. ಲಂಡನ್ನಿನ ಕಿರಿದಾದ ಹಿತ್ತಲಿನಲ್ಲಿ ಗೂಡು ಕಟ್ಟುವುದು ಸುಲಭ, ಅದರ ಸುತ್ತ ಕೋಳಿಯ ಹೊಟ್ಟೆ ತುಂಬುವಷ್ಟು ನೆಲವಿಲ್ಲ ಎಂದು ಅಧಿಕಾರಿಗಳು ಆಗಲೇ ಒಪ್ಪಿಕೊಂಡಿದ್ದರು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಹಿತ್ತಲು ಬೇಕೇ ಬೇಕು ಎನ್ನುವುದಾದರೆ, ಇಂದು ಮೊಟ್ಟೆಯ ಫಾರಂಗಳಲ್ಲಿ ಒಂದು ಅಡಿ ಚೌಕಕ್ಕಿಂತ ಕಡಿಮೆ ಜಾಗದ ತಂತಿ ಪಂಜರದಲ್ಲಿ ಕೂತ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುವುದು ಹೇಗೆ? ನಾಟಿ ಕೋಳಿ ಊರೆಲ್ಲ ಸುತ್ತಿಯೂ 60–70ರ ಆಸುಪಾಸು. ಜಾಗಕ್ಕೂ ಮೊಟ್ಟೆಗೂ ಸಂಬಂಧವಿಲ್ಲವೆಂದು ಇದರಿಂದಲೇ ಸಿದ್ಧವಾಗಲಿಲ್ಲವೇ? ಹಕ್ಕಿಯ ಸುಖದುಃಖದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕವನ್ನೇ ಹಿಡಿಯೋಣ. ಯೂರೋಪಿನ ಒಕ್ಕೂಟ 2012ರ ಜನವರಿಯಿಂದ ಅಂಥ ಬರಿ ಪಂಜರಗಳನ್ನು ನಿಷೇಧಿಸಿದ್ದು ಆ ಪ್ರಶ್ನೆಗೆ ಅದರ ಉತ್ತರ, ಅದು ಬೇರೆ ಚರ್ಚೆ. ಪಂಜರದ ಕೋಳಿ ದಿನಕ್ಕೆ ನೂರು ಗ್ರಾಮಿಗೂ ಮೇಲೆ ಮೇವು ತಿನ್ನುತ್ತದೆ, ವರ್ಷಕ್ಕೆ ಸುಮಾರು 40 ಕಿಲೊ. ಅದರಲ್ಲಿ ದೊಡ್ಡ ಪಾಲು ಮೆಕ್ಕೆಜೋಳ, ಆಮೇಲೆ ಸೋಯಾ ಹಿಂಡಿ, ಚಿಪ್ಪಿನ ಸುಣ್ಣ, ಜೀವಸತ್ವದ ಪುಡಿ. ದಾವಣಗೆರೆ, ಹಾವೇರಿ ಸೀಮೆಯ ಹೊಲಗಳು ಜೋಳ, ಹತ್ತಿ ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿದ್ದರ ಹಿಂದೆ ಈ ಹೊಟ್ಟೆಯ ಸೆಳೆತವೂ ಇದೆ. ಪಂಜರ ಚಿಕ್ಕದಾಗಿ ಕಾಣುವುದು ಅದರ ಹಿತ್ತಲು ರಾಣೆಬೆನ್ನೂರಿನ ಆಚೆ ಎಕರೆಗಟ್ಟಲೆ ಹರಡಿಕೊಂಡಿರುವುದರಿಂದ. ತಿಪ್ಪೆಯ ಕೆಲಸವನ್ನು ಫೀಡ್ ಮಿಲ್ಲು, ಬಿಸಿಲಿನ ಕೆಲಸವನ್ನು ಪುಡಿ, ಧೂಳಿನ ಕೆಲಸವನ್ನು ಹೇನಿನ ಔಷಧ ವಹಿಸಿಕೊಂಡಿವೆ. ಇದು ಸಣ್ಣ ಜಾಗವೆಂದು ಹೇಳುವುದಾದರೆ ಮಂಕರಿಯೂ ಸಣ್ಣ ಜಾಗವೇ.

ಇನ್ನೊಂದು ಆಕ್ಷೇಪ ಸಾವಿನದು, ಇದನ್ನು ತಳ್ಳಿಹಾಕುವಂತಿಲ್ಲ. ಬಿಟ್ಟು ಸಾಕಿದ ಕೋಳಿಯ ಮರಿಗಳಲ್ಲಿ ಬಹುಪಾಲು ದೊಡ್ಡದಾಗುವ ಮೊದಲೇ ಹದ್ದಿಗೆ, ಬೆಕ್ಕಿಗೆ, ಮಳೆಗೆ ಹೋಗುತ್ತಿದ್ದವು. ಅದಕ್ಕಿಂತ ಭಯಂಕರ ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಗುರುತಾಗಿ ಆ ಊರಿನ ಹೆಸರನ್ನೇ ಹೊತ್ತ ಈ ಕಾಯಿಲೆ ಬಂದರೆ ವಾರದೊಳಗೆ ಕೇರಿಯ ಗೂಡುಗಳೆಲ್ಲ ಖಾಲಿ. ಊರೆಲ್ಲ ಒಂದೇ ಹಿತ್ತಲಾಗಿದ್ದರೆ ರೋಗಕ್ಕೂ ಅದು ಒಂದೇ ಹಿತ್ತಲು. 1940ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ ಲಸಿಕೆ ಸಿದ್ಧವಾಯಿತು; ಆದರೆ ನೂರಾರು ಹಕ್ಕಿಗೆ ಒಂದೇ ಸಲ ಹಾಕುವಂತೆ ಬರುವ ಸೀಸೆ ಆರು ಕೋಳಿಯ ಮನೆಗೆ ಯಾವಾಗಲೂ ದೂರವೇ ಉಳಿಯಿತು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ದೇಶದಲ್ಲಿ ಮೊದಲ ಸಲ ಕಾಣಿಸಿದಾಗ ಸುತ್ತಲಿನ ಮನೆಕೋಳಿಗಳನ್ನೂ ಹಿಡಿದು ಕೊಂದರು. ಮುಚ್ಚಿದ ಗೂಡು ಇದಕ್ಕೆ ಉತ್ತರವಲ್ಲವೇ? ಅರ್ಧ ಉತ್ತರ. ಕಾಡುಹಕ್ಕಿ, ನೆರೆಮನೆಯ ಕೋಳಿ ಮೇವಿಗೆ ಬಾಯಿ ಹಾಕದಂತೆ ಬಲೆ ಕಟ್ಟುವುದು ಖಂಡಿತ ಒಳ್ಳೆಯದು. ಆದರೆ ಹಾಗೆ ಕೂಡಿಹಾಕಿದಾಗ ಬೇರೆ ಕಾಯಿಲೆ ಒಳಗಿಂದ ಹುಟ್ಟುತ್ತದೆ. ಒದ್ದೆ ನೆಲದ ಹಿಕ್ಕೆಯಿಂದ ಹಬ್ಬುವ ರಕ್ತಭೇದಿ ಅಂಥದು, 1948ರಲ್ಲಿ ಮೇವಿಗೆ ಬೆರೆಸುವ ಸಲ್ಫಾ ಔಷಧ ಬರುವವರೆಗೆ ಕೂಡಿ ಸಾಕುವವರ ದೊಡ್ಡ ತಲೆನೋವು. 2012ರಲ್ಲಿ ಹಕ್ಕಿಜ್ವರ ಕರ್ನಾಟಕಕ್ಕೆ ಕಾಲಿಟ್ಟದ್ದು ಯಾವ ತಿಪ್ಪೆಯಲ್ಲೂ ಅಲ್ಲ, ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ. ಬೇಲಿ ಅಪಾಯದ ಬಗೆಯನ್ನು ಬದಲಿಸುತ್ತದೆ. ಅಪಾಯ ಇಲ್ಲವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು.

ಹಿತ್ತಲನ್ನು ಮರೆತು ಹಕ್ಕಿಯನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಪಾಠವಿದೆ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಗಿರಿರಾಜ ಹೊರಬಂತು. ನಾಟಿ ಕೋಳಿಯಂತೆ ಬಣ್ಣದ ಪುಕ್ಕ, ಅದರ ಎರಡರಷ್ಟು ಮೊಟ್ಟೆ, ತೂಕವೂ ಎರಡರಷ್ಟು. ಹಳ್ಳಿಗರು ಅದನ್ನು ಒಪ್ಪಿಕೊಂಡರು, ಹೆಸರೇ ಒಂದು ಜಾತಿಯ ಹೆಸರಾಗಿ ನಿಂತಿತು. ಆದರೆ ಭಾರದ ಮೈಗೆ ಮರ ಹಾರುವುದು, ಬೆಕ್ಕಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಕಾವಿಗೆ ಕೂರುವ ಗುಣ ಕಡಿಮೆಯಾದ್ದರಿಂದ ಮರಿಗೆ ಮತ್ತೆ ಹೆಬ್ಬಾಳದ ದಾರಿಯನ್ನೇ ನೋಡಬೇಕು. 2005ರಲ್ಲಿ ಅಲ್ಲಿಂದಲೇ ಬಂದ ಸ್ವರ್ಣಧಾರಕ್ಕೆ ಮೊಟ್ಟೆ ಇನ್ನೂ ಹೆಚ್ಚು, ಮೈ ಮಾತ್ರ ಗಿರಿರಾಜಕ್ಕಿಂತ ಹಗುರ. ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳಲು ಅನುಕೂಲ ಎಂಬುದೂ ಅದರ ಗುಣಗಳ ಪಟ್ಟಿಯಲ್ಲಿ ಸೇರಿತು. ತಳಿವಿಜ್ಞಾನಿಗಳು ಹಿತ್ತಲಿಗೆ ತಲೆಬಾಗಿದ ಕ್ಷಣವೆಂದು ಇದನ್ನು ಓದಬಹುದು. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿ ಮೊದಲಾದ ಸಾಕುಹಕ್ಕಿಗಳ ಪೈಕಿ ಸುಮಾರು 31.7 ಕೋಟಿ ಹಿತ್ತಲಿನವೇ, ಹಿಂದಿನ ಗಣತಿಗಿಂತ ಶೇ. 45ಕ್ಕೂ ಹೆಚ್ಚು ಏರಿಕೆ. ಮುಗಿದುಹೋದ ಪದ್ಧತಿಯ ಅಂಕಿಗಳಲ್ಲ ಇವು.

ಇಷ್ಟು ಹಿನ್ನೆಲೆಯಲ್ಲಿ ನೋಡಿದರೆ, ಪಟ್ಟಣದ ನಾಲ್ಕಡಿ ಓಣಿಗೆ ಗೂಡಿನ ನಕ್ಷೆ ಹಾಕುವವರಿಗೆ ಚರಿತ್ರೆಯಲ್ಲಿ ಅತ್ಯಂತ ಉಪಯೋಗದ ಅಧ್ಯಾಯ 1940ರ ದಶಕದ ಅಮೆರಿಕದ ಒಹಾಯೊದ್ದು ಎನಿಸುತ್ತದೆ. ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆನ್ನಾರ್ಡ್ ಎಂಬುವರು ಕೋಳಿಮನೆಯ ನೆಲದ ಹೊಟ್ಟನ್ನು ದಿನದಿನವೂ ಗುಡಿಸಿ ಬದಲಿಸದೆ, ತಿಂಗಳುಗಟ್ಟಲೆ ಅದರ ಮೇಲೆಯೇ ಹೊಸದನ್ನು ಹಾಕುತ್ತ, ಕೋಳಿಗಳು ಕೆದಕಿ ಮಗುಚಲು ಬಿಟ್ಟರು. ಶುಚಿತ್ವದ ಪಾಠ ಕಲಿತವರಿಗೆ ಇದು ಅಪಚಾರವಾಗಿ ಕಂಡಿತು. ಫಲಿತಾಂಶ ತಿರುಗಾಮುರುಗಾ: ಹಳೆಯ ಹೊಟ್ಟಿನ ಮೇಲೆ ಬೆಳೆದ ಕೋಳಿಗಳಿಗೆ ಸಾವು ಕಡಿಮೆ, ಮೇವಿನಲ್ಲಿ ಮೀನು ಮಾಂಸದ ಅಂಶ ಇಲ್ಲದಿದ್ದರೂ ಬೆಳವಣಿಗೆ ಚೆನ್ನ. ಹೊಟ್ಟಿನಲ್ಲಿ ನಿಧಾನವಾಗಿ ಕೊಳೆಯುವ ಹಿಕ್ಕೆಯಲ್ಲಿ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನು ತಯಾರಿಸುತ್ತಿದ್ದವು. ಅದನ್ನು ಬೇರ್ಪಡಿಸಿದ್ದು 1948ರಲ್ಲಿ. ಅಂದರೆ ಒಹಾಯೊದವರು ಗೂಡಿನೊಳಗೆ ಒಂದು ತಿಪ್ಪೆ ಮಾಡಿದ್ದರು. ಡೀಪ್ ಲಿಟರ್ ಎಂಬ ಹೆಸರಿನಲ್ಲಿ ನಮ್ಮ ಕೈಪಿಡಿಗಳಲ್ಲಿರುವುದು ಇದೇ. ಒಂದು ಕೋಳಿಗೆ 2 ಚದರಡಿ ಎಂಬ ಅಂಕಿಗೆ ಅರ್ಥ ಬರುವುದೂ ಈ ನೆಲ ಇದ್ದಾಗ. ಬರಿ ಸಿಮೆಂಟಿನ ಮೇಲೆ ಹತ್ತು ಚದರಡಿ ಕೊಟ್ಟರೂ ಕೋಳಿಗೆ ಅಲ್ಲಿ ಕೆದಕಲು ಏನೂ ಇಲ್ಲ. ಆದ್ದರಿಂದ ಮೂರು ನಾಲ್ಕು ಹೇಂಟೆಯ ಗೂಡಿಗೆ ಉದ್ದಗಲಕ್ಕಿಂತ ಮೊದಲು ಗೊತ್ತಾಗಬೇಕಾದದ್ದು ಬೇರೆ: ಅರ್ಧ ಅಡಿ ದಪ್ಪ ಬತ್ತದ ಹೊಟ್ಟು ನಿಲ್ಲುವ ಕಟ್ಟೆ, ಅದು ನೆನೆಯದ ಸೂರು, ದಿನಕ್ಕೆ ಒಂದಿಷ್ಟು ಹೊತ್ತು ಗಾಜಿಲ್ಲದೆ ನೇರವಾಗಿ ಬೀಳುವ ಬಿಸಿಲು, ಒಂದು ಬಾಣಲೆ ತುಂಬ ಬೂದಿ ಬೆರೆತ ಒಣಮಣ್ಣು, ತರಕಾರಿ ಅಂಗಡಿಯ ಬಿಸಾಡಿದ ಸೊಪ್ಪು ತರುವ ಯಾರಾದರೂ. ಹುಂಜ ಬೇಡ, ಅದಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ನಸುಕಿನ ಕೂಗಿಗೆ ನೆರೆಯವರ ಜಗಳವೂ ತಪ್ಪುತ್ತದೆ. ಇವುಗಳಲ್ಲಿ ಯಾವುದನ್ನು ಒದಗಿಸಲು ಆಗುವುದಿಲ್ಲವೋ ಅದಕ್ಕೆ ಬದಲಾಗಿ ಅಂಗಡಿಯಿಂದ ಏನು ತರಬೇಕೆಂದು ನೋಡಿ, ಅದರ ತಿಂಗಳ ಖರ್ಚನ್ನು ಮೊಟ್ಟೆಯ ಬೆಲೆಗೆ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿದ ಮೇಲೆ ಮೊಟ್ಟೆ ಅಂಗಡಿಯದಕ್ಕಿಂತ ದುಬಾರಿಯಾಗುವುದೇ ಹೆಚ್ಚು. ಗೂಡು ಮಾರುವವರು ಅದನ್ನು ಹೇಳುವುದಿಲ್ಲ.